ಯಾರೂ ಹೇಳದ ಸೊಪ್ಪಿನ ಹೆಸರು

ಅಥವಾ ಆ ದಿನ ಮಂಜು ಕವಿದಿರಲೇ ಇಲ್ಲವೇನೋ. ನಾನು ಬರೆದ ಲೇಖನದಲ್ಲಿ ಮಂಜಿದೆ. ಹಿತ್ತಲ ಬೇಲಿಯ ಮೇಲೆ ಕೂತ ನವಿಲಿದೆ, ಕೇರಳದ ಬತ್ತೇರಿ ಕಡೆಗೆ ಹೋಗುವ ಬಸ್ಸಿನ ಹಾರನ್ ಇದೆ, ಕೆಮ್ಮಣ್ಣು ಹತ್ತಿದ ಬೆರಳುಗಳಿವೆ. ಬೆರಳುಗಳು ನಿಜ, ಅಷ್ಟನ್ನು ಹೇಳಬಲ್ಲೆ. ಹಾರನ್ನೂ ನಿಜವಿರಬಹುದು. ನವಿಲನ್ನು ಬೇರೆ ಯಾವತ್ತೋ ಬೇರೆ ಯಾವುದೋ ಬೇಲಿಯ ಮೇಲೆ ನೋಡಿ, ತಂದು ಇಲ್ಲಿ ಕೂರಿಸಿದೆ ಅಂತ ಅನುಮಾನ. ಮಂಜಿನ ವಿಷಯದಲ್ಲಿ ಮಾತ್ರ, ಕಣ್ಣು ಮುಚ್ಚಿ ಎಷ್ಟು ನೆನೆದರೂ ನನಗೆ ಕಾಣುವುದು ಮಂಜಲ್ಲ, ಮಂಜು ಕವಿದಿತ್ತು ಎಂದು ನಾನು ಬರೆದ ವಾಕ್ಯ.

ಒಂದು ಸಲ ಬರೆದುಬಿಟ್ಟರೆ ಹೀಗಾಗುತ್ತದೆ. ನೆನಪು ಬರಹಕ್ಕೆ ಜಾಗ ಬಿಟ್ಟುಕೊಟ್ಟು ಎದ್ದು ಹೋಗುತ್ತದೆ. ಲೇಖನದ ತುಂಡು ನನ್ನ ಹತ್ತಿರ ಈಗಲೂ ಇದೆ, ಮಡಿಕೆಯಲ್ಲಿ ಹರಿದು ಎರಡಾಗಿದೆ. ಆ ದಿನದ ಟಿಪ್ಪಣಿ ಪುಸ್ತಕವೂ ಇದೆ. ಅದರಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ ಕೆಲವೇ ಸಾಲುಗಳು. ಒಂದು ಸಾಲು ಹೀಗಿದೆ: ‘ಸೊಪ್ಪು, ಯಾವುದು?’ ಅಷ್ಟೇ. ಮುಂದೆ ಏನೂ ಇಲ್ಲ. ಅಚ್ಚಾದ ಲೇಖನದಲ್ಲಿ ಆ ಪ್ರಶ್ನೆ ಇಲ್ಲ, ಅದರ ಜಾಗದಲ್ಲಿ ಒಂದು ಗಿಡದ ಹೆಸರಿದೆ. ನಾನು ಹೇಳಬೇಕಾದದ್ದು ಈ ಎರಡರ ನಡುವೆ ಏನಾಯಿತು ಅನ್ನುವುದನ್ನು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ನಾನು ಅಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಮ್ಮದು ಚಂದಕವಾಡಿ ಹೋಬಳಿಯ ಒಂದು ಹಳ್ಳಿ. ಅಪ್ಪ, ಚಿಕ್ಕಪ್ಪಂದಿರು ಹೊಲದಲ್ಲಿ, ನಾನೊಬ್ಬ ಫೈಲುಗಳ ನಡುವೆ. ಸಂಜೆ ಹೊತ್ತು ಮೈಸೂರಿನ ಒಂದು ವಾರಪತ್ರಿಕೆಗೆ ನುಡಿಚಿತ್ರ ಬರೆಯುತ್ತಿದ್ದೆ. ಕತೆ ಬರೆಯುವ ಗೆಳೆಯರಿದ್ದರು. ಅವರ ಎದುರು ನನಗೊಂದು ಹಮ್ಮು: ನೀವು ಕಟ್ಟುತ್ತೀರಿ, ನಾನು ಕಂಡದ್ದನ್ನು ಬರೆಯುತ್ತೇನೆ.

ಆ ವರ್ಷ ನನಗೆ ಸರ್ಪಸುತ್ತು ಎದ್ದಿತು. ಸೊಂಟದ ಬಲಗಡೆ ಸಾಲಾಗಿ ಬೊಬ್ಬೆ, ಅಂಗಿ ತಾಗಿದರೂ ಕೆಂಡ ಇಟ್ಟ ಹಾಗೆ. ಡಾಕ್ಟರು ಮುಲಾಮು ಕೊಟ್ಟಿದ್ದರು. ನಾನು ಕುರ್ಚಿಯಲ್ಲಿ ಓರೆಯಾಗಿ ಕೂರುವುದನ್ನು ನೋಡಿದ ಕಚೇರಿಯ ಜವಾನ ಒಂದು ದಿನ ತಡೆಯಲಾರದೆ ಹೇಳಿದ:

“ಸಾ, ಅದು ಸುತ್ತ ಬರ್ತಾ ಅದ ಕಣ ಸಾ. ತಲ ಬಾಲ ಕೂಡ್ಬುಟ್ರ ಮುಗೀತು. ಮುಲಾಮ್ ಬುಡಿ ಅತ್ಲಾಗಿ. ಗುಂಡ್ಲುಪೇಟ ದಾಟಿ ಮದ್ದೂರ್ ದಾರೀಲಿ ಒಬ್ಬಮ್ಮ ಅವ್ಳ, ಸೊಪ್ಪು ಅಚ್ತಾಳ. ನಮ್ ಅತ್ತಗ ಅಲ್ಲೇ ವಾಸಿಯಾದದ್ದು.”

ಹೋದೆ. ಗುರುವಾರ, ಭಾನುವಾರ, ಮತ್ತೆ ಗುರುವಾರ, ಮೂರು ಸಲ ಹೋಗಬೇಕಿತ್ತು. ಖಾಲಿ ಹೊಟ್ಟೆ, ದಾರಿಯಲ್ಲಿ ಮಾತಾಡಬಾರದು. ರಸ್ತೆಯಿಂದ ಸ್ವಲ್ಪ ಒಳಗೆ ಹೊಂಗೆಮರ, ಅದರ ಕೆಳಗೆ ಅರೆಯುವ ಕಲ್ಲು, ಅದರಾಚೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ ಒಂದು ಮನೆ. ಒಂದು ಭಾಗದಲ್ಲಿ ಆಕೆ. ಇನ್ನೊಂದು ಭಾಗದಲ್ಲಿ ಆಕೆಯ ಭಾವ, ಎಂದರೆ ಗಂಡನ ಅಣ್ಣ, ಮತ್ತು ಓರಗಿತ್ತಿ. ಗಂಡ ವಯನಾಡಿನಲ್ಲಿ ಶುಂಠಿ ಹೊಲದ ಕೂಲಿಗೆ ಹೋದವನು, ಹಬ್ಬಕ್ಕೆ ಬಂದರೆ ಬಂದ. ಆಕೆಗೆ ನಲವತ್ತು ದಾಟಿತ್ತು. ಎರಡೂ ಕಡೆ ಮೂಗುಬೊಟ್ಟು. ಜಾಸ್ತಿ ಮಾತಿಲ್ಲ, ಆಡಿದರೆ ನಗಿಸುವ ಮಾತು.

ಬಂದವರನ್ನು ಮರದ ಕೆಳಗೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಆಕೆ ಒಬ್ಬರೇ ಮನೆಯ ಹಿಂದಕ್ಕೆ ಹೋಗುತ್ತಿದ್ದರು. ಬರುವಾಗ ಮುಷ್ಟಿ ಸೆರಗಿನೊಳಗೆ. ನಮಗೆ ಬೆನ್ನು ಹಾಕಿ ಅರೆಯುತ್ತಿದ್ದರು. ತಿರುಗುವಷ್ಟರಲ್ಲಿ ಸೊಪ್ಪು ಕೆಮ್ಮಣ್ಣಿನ ಜೊತೆ ಸೇರಿ ಕಂದು ಬಣ್ಣದ ಗೊಜ್ಜಾಗಿರುತ್ತಿತ್ತು. ಅದನ್ನು ಬೆರಳಿನಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಸವರುತ್ತಿದ್ದರು. ಎಲೆ ಅಡಿಕೆ, ಒಂದು ಕಾಯಿ ಇಟ್ಟರೆ ತೆಗೆದುಕೊಳ್ಳುತ್ತಿದ್ದರು, ಇಡದಿದ್ದರೆ ಕೇಳುತ್ತಿರಲಿಲ್ಲ. ಗುಂಡ್ಲುಪೇಟೆಯವರು, ತೆರಕಣಾಂಬಿಯವರು, ಗಡಿ ದಾಟಿ ಬಂದ ಮಲಯಾಳಿಗಳು, ಎಲ್ಲ ಒಂದೇ ಸಾಲಿನಲ್ಲಿ ಅಂಗಿ ಎತ್ತಿ ಹಿಡಿದು ಕೂತಿರುತ್ತಿದ್ದರು.

ಎರಡನೆಯ ಸಲ ಹೋದಾಗ ಕೇಳಿದೆ, “ಯಾವ ಸೊಪ್ಪಕ್ಕ ಇದು?”

“ನಿಂಗ ವಾಸಿಯಾಗ್ಬೇಕಾ, ಯೆಸ್ರು ಬೇಕಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಜನ ಕರಗಿದ ಮೇಲೆ ಆಕೆಯೇ ಹೇಳಿದರು: “ನಮ್ಮತ್ತ ಸಾಯೂಕ್ ಮುಂಚ ನನ್ ಕಿವೀಲಿ ಯೇಳಿದ್ದು ಕಣಪ್ಪ. ದೊಡ್ಡ ಸೊಸ ಇದ್ರೂವಿ ನಂಗೇ ಯೇಳ್ದ್ಲು. ಯಾರಾರ ಕೇಳುದ್ರ ಔದು ಅನ್ನಂಗಿಲ್ಲ, ಅಲ್ಲ ಅನ್ನಂಗೂ ಇಲ್ಲ ಅಂದ್ಲು. ಯಾಕ್ ಗೊತ್ತಾ? ಈ ಸೊಪ್ಪಾ ಆ ಸೊಪ್ಪಾ ಅಂತ ಒಂದೊಂದಾಗಿ ತೋರುಸ್ತಾ ಓಗು ನೀನು. ನಾನು ಅಲ್ಲ, ಅಲ್ಲ ಅಂತಾ ಓದ್ರ ಕೊನ್ಗ ಉಳ್ಯದು ಅದೊಂದೇ ಅಲ್ವಾ? ಬಾಯ್ಬುಟ್ರ ಔಸ್ತಿ ಕೈ ಬುಡ್ತದ.”

ಆ ಅತ್ತೆಯ ಬುದ್ಧಿಗೆ ಬೆರಗಾದೆ. ಇದು ನೆನಪಿದೆ, ಯಾಕೆಂದರೆ ಇದನ್ನು ನಾನು ಲೇಖನದಲ್ಲಿ ಬರೆಯಲಿಲ್ಲ. ಬರೆಯದೆ ಬಿಟ್ಟದ್ದೇ ನನ್ನಲ್ಲಿ ಸ್ವಲ್ಪ ನಿಜವಾಗಿ ಉಳಿದಿದೆ.

ಹುಣ್ಣು ಒಣಗಿತು. ಸೊಪ್ಪಿನಿಂದ ಒಣಗಿತೋ, ತನ್ನಷ್ಟಕ್ಕೇ ಒಣಗಿತೋ ಹೇಳಲಾರೆ. ಹೇಗಾದರೂ ಸರಿ, ನನಗೆ ಆಕೆಯ ಮೇಲೆ ಕೃತಜ್ಞತೆ ಇತ್ತು. ಆ ಕೃತಜ್ಞತೆಯಿಂದಲೇ ಬರೆಯಲು ಕೂತೆ. ಮೊದಲ ಕರಡಿನಲ್ಲಿ ‘ಯಾವುದೋ ಒಂದು ಸೊಪ್ಪು’ ಎಂದೇ ಇತ್ತು.

ಅದನ್ನು ಕಳಿಸಿದ ನಾಲ್ಕೈದು ದಿನಕ್ಕೆ ಸಂಪಾದಕರು ಕಚೇರಿಗೆ ಫೋನ್ ಮಾಡಿದರು. “ಚೆನ್ನಾಗಿದೆ ಕಣಯ್ಯಾ. ಆದರೆ ಮಧ್ಯದಲ್ಲಿ ಟೊಳ್ಳು. ಸೊಪ್ಪು ಸೊಪ್ಪು ಅಂತೀಯ, ಯಾವ ಸೊಪ್ಪು? ಓದುವವನಿಗೆ ಕಾಣಬೇಕು, ಮೂಸಿದ ಹಾಗಾಗಬೇಕು. ಯಾವುದೋ ಮರ, ಯಾವುದೋ ಹಕ್ಕಿ, ಯಾವುದೋ ಸೊಪ್ಪು ಅಂತ ಬರೆಯೋನು ಸೋಮಾರಿ. ಹೋಗಿ ಕೇಳ್ಕೊಂಡು ಬಾ. ಶುಕ್ರವಾರ ಪುಟ ಕಟ್ಟಬೇಕು.”

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಮಾತನ್ನು ನಾನು ಆಮೇಲೆ ಎಷ್ಟೋ ಹೊಸಬರಿಗೆ ಹೇಳಿದ್ದೇನೆ. ಫೋನ್ ಬಂದದ್ದು ಬುಧವಾರ. ಗುರುವಾರ ರಜೆ ಹಾಕಿ ಗುಂಡ್ಲುಪೇಟೆಗೆ ಹೋಗಬಹುದಿತ್ತು. ಹೋಗಲಿಲ್ಲ. ಹೋದರೂ ಆಕೆ ಹೇಳುವುದಿಲ್ಲ ಎಂದು ಗೊತ್ತಿತ್ತು. ಹೇಳಲಿಲ್ಲ ಎಂಬುದನ್ನೇ ಬರೆಯಬಹುದಿತ್ತು. ಹೌದು ಅನ್ನದ, ಅಲ್ಲ ಅಂತಲೂ ಅನ್ನದ ಆ ಕಟ್ಟಳೆಯನ್ನೇ ಬರೆದಿದ್ದರೆ ಲೇಖನ ಈಗಿರುವುದಕ್ಕಿಂತ ಎಷ್ಟೋ ಚೆನ್ನಾಗಿರುತ್ತಿತ್ತು. ಆಗ ಅದು ಹೊಳೆಯಲಿಲ್ಲ. ಗೊತ್ತಿಲ್ಲ ಅನ್ನುವುದು ಬರೆಯುವವನ ಸೋಲು ಎಂದು ತಿಳಿದಿದ್ದ ವಯಸ್ಸು.

ಗುರುವಾರ ಸಂಜೆ ಒಂದು ಗಿಡದ ಹೆಸರು ಬರೆದೆ.

ಆ ಹೆಸರು ಎಲ್ಲಿಂದ ಬಂತು? ಆಕೆಯ ಮನೆಯ ಬೇಲಿಯಲ್ಲಿ ಆ ಗಿಡ ಇತ್ತು ಎಂದು ಕೆಲವು ವರ್ಷ ಹೇಳಿಕೊಂಡೆ. ನಮ್ಮಜ್ಜಿ ಕುರುವಿಗೆ ಅದನ್ನೇ ಕಟ್ಟುತ್ತಿದ್ದಳು ಎಂದು ಇನ್ನು ಕೆಲವು ವರ್ಷ. ಎರಡನ್ನೂ ಈಗ ನಂಬುವುದಿಲ್ಲ. ಆ ಹೆಸರು ವಾಕ್ಯದ ಕೊನೆಯಲ್ಲಿ ಚೆನ್ನಾಗಿ ಕೂತಿತು. ಬಹುಶಃ ಅಷ್ಟೇ ಕಾರಣ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಹೆಸರು ಬಂದ ಮೇಲೆ ಅದು ನನಗೆ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಒಂದು ದಾರಿ ಬೇಕಲ್ಲ. ಹಾಗಾಗಿ ಆಕೆಯ ಬಾಯಿಂದ ಹೇಳಿಸಿದೆ. ಮಂಜು ಕವಿದ ಬೆಳಗ್ಗೆ ಆಕೆ ನನ್ನ ಕಿವಿಯ ಹತ್ತಿರ ಬಾಗಿ, “ನೀ ನನ್ ತಮ್ಮನಂಗೆ ಕಣಪ್ಪ. ನಾ ಸತ್ರ ಇದೂ ನನ್ ಜೊತ ಮಣ್ಗೋಗ್ಬಾರ್ದು, ಬರ್ದಿಟ್ಕ” ಎಂದು ಪಿಸುಗುಟ್ಟಿದರು ಎಂದು ಬರೆದೆ. ಅದನ್ನು ನಾಲ್ಕು ಸಲ ತಿದ್ದಿದೆ. ಆಕೆ ಹಕಾರ ಬಿಡುವ ಕಡೆಯೆಲ್ಲ ಬಿಟ್ಟೆ. ಮಾತಿನ ಕೊನೆ ಎಳೆಯುವ ರೀತಿಯನ್ನು ಹಾಗೇ ತಂದೆ. ಸುಳ್ಳಿಗೆ ಆಕೆಯ ನಾಲಗೆಯನ್ನೇ ಕೊಟ್ಟೆ.

ಆಗ ನಾಚಿಕೆಯಾಯಿತೇ? ಇಲ್ಲ. ಈಗಿನ ನಾಚಿಕೆಯನ್ನು ಹಿಂದಕ್ಕೆ ಕಳಿಸಿ ಆಗಲೇ ಇತ್ತು ಅನ್ನಿಸುವುದು ಸುಲಭ, ಅದನ್ನು ಮಾಡಬಾರದು. ಆಗ ನನಗೆ ಸಂತೋಷವೇ ಆಗಿತ್ತು. ಪತ್ರಿಕೆ ಬಂದಾಗ ಆ ಪುಟ ಕತ್ತರಿಸಿ ಕಚೇರಿಯ ಮೇಜಿನ ಗಾಜಿನ ಕೆಳಗೆ ಇಟ್ಟೆ. ಆಕೆಯ ಹೆಸರಾಗಲಿ ಊರಿನ ಹೆಸರಾಗಲಿ ಬರೆಯಲಿಲ್ಲ, ಆದ್ದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಮದ್ದೂರು ದಾರಿ, ಹೊಂಗೆಮರ, ಸರ್ಪಸುತ್ತು ಅಂದರೆ ಆ ಸೀಮೆಯಲ್ಲಿ ಹೆಸರು ಬೇರೆ ಬೇಕೇ? ಓದುಗರ ಪತ್ರಗಳು ಬಂದವು. ಎಲ್ಲರೂ ಮೆಚ್ಚಿದ್ದು ಆ ಪಿಸುಮಾತನ್ನೇ. ಸಂಪಾದಕರು ಹದಿನೈದು ದಿನಕ್ಕೊಮ್ಮೆ ಒಂದು ಅಂಕಣ ಬರೆ ಎಂದರು.

ಅದಾಗಿ ಎರಡು ಮೂರು ವಾರಕ್ಕೆ ಒಂದು ಮಧ್ಯಾಹ್ನ ಜವಾನ ಬಂದು, “ಸಾ, ಗುಂಡ್ಲುಪೇಟ ಕಡೆಯೋರು, ನಿಮ್ಮನ್ನೇ ಕೇಳ್ತಾ ಅವ್ರ” ಅಂದ. ಬಂದದ್ದು ಆಕೆಯ ಭಾವ. ಬಿಳಿ ಪಂಚೆ, ಹೆಗಲ ಮೇಲೆ ಟವಲು. ಅಂಗಿ ಜೇಬಿನಿಂದ ಸಣ್ಣದಾಗಿ ಮಡಿಸಿದ ಪತ್ರಿಕೆ ತೆಗೆದು ಬಿಡಿಸಿದರು. ಗಾಜಿನ ಕೆಳಗೆ ಅದೇ ಪುಟ ಇತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು.

“ಇದ ಬರ್ದೋರು ನೀವೇಯಾ?”

“ಹೌದು. ಕೂತ್ಕೊಳ್ಳಿ.”

“ಕೂರಕ್ ಬರ್ನಿಲ್ಲ ಸಾ. ಒಂದ್ ಮಾತ್ ಕೇಳ್ಕಂಡ್ ಓಗನ ಅಂತ ಬಂದಿ. ನಮ್ ತಮ್ಮನ್ ಎಡ್ತಿ ನಿಮ್ ಕಿವೀಲಿ ಸೊಪ್ಪಿನ್ ಯೆಸ್ರ ಯೇಳ್ದ್ಲು ಅಂತ ಬರ್ದೀರಿ. ಯೇಳಿದ್ದು ದಿಟವಾ?”

ಪಕ್ಕದ ಮೇಜಿನ ಹೆಡ್‌ಕ್ಲಾರ್ಕ್ ಕನ್ನಡಕ ಏರಿಸಿದರು. ಅವರಿಗೆ ನನ್ನ ಬಗ್ಗೆ ಹೆಮ್ಮೆ. “ದಿಟ ಅಲ್ದೆ ಸುಮ್ಮನೆ ಬರೀತಾರೇನ್ರೀ? ಪತ್ರಿಕೇಲಿ ಬಂದಿದೆ.”

“ನಿಮ್ಮನ್ ಕೇಳ್ನಿಲ್ಲ ಸಾ, ಇವ್ರ ಕೇಳ್ದಿ.” ಮತ್ತೆ ನನ್ನ ಕಡೆ ತಿರುಗಿದರು. “ನೋಡಿ, ನಮ್ಮವ್ವ ಸಾಯೂವಾಗ ಒಂದ್ ಮಾತ್ ಅಂದಿದ್ಲು. ಬಾಯ್ಬುಟ್ಟೋಳು ಕಲ್ಲ ಮುಟ್ಟಂಗಿಲ್ಲ ಅಂತ. ಆವಮ್ಮ ಯೇಳಿದ್ರ ಅವ್ಳಿನ್ನು ಔಸ್ತಿ ಕೊಡಂಗಿಲ್ಲ. ಯೇಳ್ದೇ ಇದ್ರ, ನನ್ ಎಡ್ತಿ ಏನೇ ಅನ್ಲಿ, ನಾನೇ ಊರ್ ಮುಂದ ನಿಂತ್ಕಂಡು ಯೇಳಿಲ್ಲ ಅಂತ ಅಂತೀನಿ. ಅವ್ಳು ಯೇಳ್ನಿಲ್ಲ ಯೇಳ್ನಿಲ್ಲ ಅಂತ ಅಳ್ತಾ ಕೂತವ್ಳ. ಅದ್ಕೇ ನಿಮ್ ಬಾಯಲ್ ಬರ್ಲಿ ಅಂತ ಬಸ್ ಅತ್ತಿ ಬಂದಿ.”

ನ್ಯಾಯವಂತ ಮನುಷ್ಯ. ಕೇಳಿದ್ದೂ ಸರಳವಾದ ಪ್ರಶ್ನೆ. ಕಚೇರಿಯ ನಾಲ್ಕೈದು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ನಾನು ಏನು ಹೇಳಿದೆ?

“ಬರೆಯುವಾಗ ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತೆ” ಎಂದೆ ಅಂತ ಗೆಳೆಯರಿಗೆ ಹೇಳುತ್ತಾ ಬಂದಿದ್ದೇನೆ. ಹೇಡಿತನದ ಮಾತಾದರೂ ಅದು ನಿಜದ ಹತ್ತಿರ ಇದೆ, ಆದ್ದರಿಂದ ಹೇಳಿಕೊಳ್ಳಬಹುದು. ಒಮ್ಮೊಮ್ಮೆ ಅನಿಸುತ್ತದೆ, ಸುಮ್ಮನೆ ಮುಗುಳ್ನಕ್ಕೆ ಎಂದು. ಭಯವಾಗುವುದು ಮೂರನೆಯದಕ್ಕೆ: ಹೆಡ್‌ಕ್ಲಾರ್ಕಿನ ಮುಖ ನೋಡುತ್ತಾ ನಾನು ತಲೆ ಆಡಿಸಿದೆ, ಹೌದು ಅನ್ನುವ ಹಾಗೆ. ಈ ಮೂರರಲ್ಲಿ ಯಾವುದು ನಡೆದದ್ದು ಎಂದು ಆಣೆ ಮಾಡಿ ಹೇಳಲಾರೆ. ಅವರು ಎರಡನೆಯ ಸಲ ಕೇಳಲಿಲ್ಲ ಅನ್ನುವುದು ಮಾತ್ರ ಖಚಿತ. ಪತ್ರಿಕೆಯನ್ನು ಹಿಂದಿನ ಮಡಿಕೆಗಳಿಗೇ ಸರಿಯಾಗಿ ಮಡಿಸಿದರು. “ಆಯ್ತು ಬುಡಿ” ಎಂದರು. “ಟೀ ಕುಡ್ಕೊಂಡು ಹೋಗ್ರೀ” ಎಂದರು ಹೆಡ್‌ಕ್ಲಾರ್ಕ್. ಭಾವ ತಿರುಗಿ ನೋಡಲಿಲ್ಲ.

ಶನಿವಾರ ರೈಲು ಹತ್ತಿ ಮೈಸೂರಿಗೆ ಹೋದೆ. ಸಂಪಾದಕರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು.

“ಎಷ್ಟು ಕಟ್ಟಿದ್ದೀಯ?”

“ಸೊಪ್ಪಿನ ಹೆಸರು. ಆಕೆ ಹೇಳಿದರು ಅನ್ನೋ ಮಾತು.”

“ಮಂಜು?”

“ಗೊತ್ತಿಲ್ಲ ಸಾರ್.”

“ಹೋಗಿ ಕೇಳ್ಕೊಂಡು ಬಾ ಅಂದಿದ್ದೆನಲ್ಲಯ್ಯಾ ನಾನು.” ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, “ಕಟ್ಟಿ ಬರೆದದ್ದು ಅಂತ ಹಾಕಿದರೆ ನಿನ್ನ ಮಾತನ್ನ ಇನ್ನು ಯಾರೂ ನಂಬಲ್ಲ. ಅಂಕಣದ ಪ್ರಕಟಣೆ ಬೇರೆ ಹೋಗಿದೆ. ನೀನೇ ಯೋಚನೆ ಮಾಡಿ ಒಂದು ತಿದ್ದುಪಡಿ ಬರೆದುಕೊಡು, ಹಾಕ್ತೀನಿ. ಏನು ಬರೆದರೂ ಹಾಕ್ತೀನಿ.”

ಏನು ಬರೆದರೂ ಹಾಕುತ್ತೇನೆ ಅಂದರು. ಇದನ್ನು ನಾನು ಬಹಳ ಕಾಲ ಮರೆತಿದ್ದೆ. ಅವರು ನನ್ನ ಕೈ ಹಿಡಿದು ಬರೆಸಿದರು ಅನ್ನುವಂತೆ ನೆನಪಿಟ್ಟುಕೊಂಡಿದ್ದೆ. ಬರೆದದ್ದು ನಾನೇ: ‘ಮುದ್ರಣ ದೋಷದಿಂದಾಗಿ ಸರ್ಪಸುತ್ತು ಕುರಿತ ಲೇಖನದಲ್ಲಿ ಸೊಪ್ಪಿನ ಹೆಸರು ತಪ್ಪಾಗಿ ಅಚ್ಚಾಗಿದೆ. ಓದುಗರು ಕ್ಷಮಿಸಬೇಕು.’ ಆ ಪ್ರೆಸ್ಸಿನಲ್ಲಿ ಇನ್ನೂ ಕೈಯಲ್ಲೇ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮೊಳೆ ಜೋಡಿಸುವಾತ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ. ಚೀಟಿ ತೆಗೆದುಕೊಂಡ, ಓದಿದ, ತನ್ನ ತಪ್ಪಲ್ಲದ ತಪ್ಪನ್ನು ತಾನೇ ಅಕ್ಷರ ಅಕ್ಷರವಾಗಿ ಆರಿಸಿ ಜೋಡಿಸಿದ. ಒಂದು ಸಲ ಮಾತ್ರ ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಅದು ಅಚ್ಚಾದ ವಾರವೇ ಆಕೆಯ ಊರಿಗೆ ಹೋದೆ. ಎಲ್ಲ ಸರಿಹೋಗಿರುತ್ತದೆ ಎಂದು ನಿಜವಾಗಿ ನಂಬಿದ್ದೆ. ಬಸ್ ಇಳಿದರೆ ಟೀ ಅಂಗಡಿ. ಬೆಂಚಿನ ಮೇಲೆ ಮೂವರು ಕೂತಿದ್ದರು. ಪರಿಚಯ ಹೇಳುವ ಮೊದಲೇ ಒಬ್ಬ ಕೇಳಿದ:

“ಯೇನ್ ಸಾ, ಯೆಸ್ರು ತಪ್ಪಾಗಿ ಅಚ್ಚಾಗ್ಬುಟ್ಟಿತ್ತಂತ?”

“ಹೌದು.”

“ಅಂಗಾರ ಸರಿಯಾದ್ದು ಯಾವ್ದು?”

ನಾನು ಅಂಗಡಿಯವನಿಗೆ ಒಂದು ಟೀ ಹೇಳಿದೆ.

“ಆವಮ್ಮ ಯೇಳಿದ್ದು ಬ್ಯಾರೆ ಯೆಸ್ರು ಅಂತಾಯ್ತಲ್ಲ. ಅಂತೂ ಯೇಳವ್ಳ.”

“ಲೇ, ಅವ್ರ ಯಾಕ್ಲಾ ಕಾಡೀಯೆ,” ಇನ್ನೊಬ್ಬ ಬೀಡಿ ಆರಿಸುತ್ತಾ ಅಂದ. “ಮುಂದಿನ್ ವಾರ ಅದ್ನೂ ಆಕ್ತಾರ ಕಣ್ಲಾ. ಸಾ, ಅಂಗೇ ನಮ್ಮೆಮ್ಮ ಕೆಚ್ಲು ಊದದ, ಅದ್ಕೂ ಒಂದ್ ಬರ್ದ್ಬುಡಿ.”

ಮೂವರೂ ನಕ್ಕರು. ಮುದ್ರಣ ದೋಷ ಅಂದರೆ ಹಿಂದೆ ಒಂದು ಸರಿಯಾದ ಹೆಸರಿತ್ತು, ಅದನ್ನು ಯಾರೋ ಹೇಳಿದ್ದರು ಅಂತಲೇ ಅರ್ಥ. ಲೇಖನ ಆಕೆಯ ಮೇಲೆ ಹೊರಿಸಿದ್ದನ್ನು ತಿದ್ದುಪಡಿ ಗಟ್ಟಿ ಮಾಡಿತ್ತು. ಬೆಂಚಿನ ಮೇಲೆ ಕೂತವನಿಗೆ ಹೊಳೆದದ್ದು ವಾಕ್ಯಗಳನ್ನೇ ಕಸುಬು ಮಾಡಿಕೊಂಡ ನನಗೆ ಹೊಳೆದಿರಲಿಲ್ಲ.

ಹೊಂಗೆಮರದ ಕೆಳಗೆ ಕಲ್ಲು ತೊಳೆದು ಬೋರಲು ಹಾಕಿತ್ತು. ಅದರ ಪಕ್ಕ ಒಬ್ಬ ಮಲಯಾಳಿ ಗಂಡಸು, ಹೆಂಡತಿಯ ಜೊತೆ. ಅವನು ಅಂಗಿ ಎತ್ತಿ ಪಕ್ಕೆಯ ಬೊಬ್ಬೆ ತೋರಿಸುತ್ತಿದ್ದ. ಅವರು ಕನ್ನಡ ಓದುವವರಲ್ಲ, ಊರಿನಲ್ಲಿ ಆದದ್ದು ಗೊತ್ತಿಲ್ಲ. ಆಕೆ ಜಗಲಿಯ ಮೇಲೆ ಹುರುಳಿ ಕೇರುತ್ತಾ, “ಇಲ್ಲ ಕಣಪ್ಪ, ನಿಲ್ಸ್ಬುಟ್ಟಿ. ಇಲ್ಲ, ಇಲ್ಲ” ಎಂದು ಕೈ ಆಡಿಸುತ್ತಿದ್ದರು. ಹೆಂಡತಿ ಕೈ ಮುಗಿದಳು, ಏನೋ ಹೇಳಿದಳು. ಆಕೆ ಮುಖ ತಿರುಗಿಸಿಕೊಂಡರು. ಅವರಿಬ್ಬರೂ ರಸ್ತೆಯ ಕಡೆಗೆ ನಡೆದು ಹೋಗುವಾಗ ಅವನು ಅಂಗಿಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡಿದ್ದ. ಆ ನಡಿಗೆ ನನಗೆ ಗೊತ್ತಿತ್ತು.

ಆಕೆ ನನ್ನನ್ನು ಕಂಡರು. ಬೈಯುತ್ತಾರೆ ಎಂದುಕೊಂಡೆ.

“ಬಾ ಕಣಪ್ಪ. ವಾಸಿಯಾಯ್ತಾ?”

“ಆಯ್ತಕ್ಕ.”

“ತೋರ್ಸು.” ತೋರಿಸಿದೆ. ಬಾಗಿ ನೋಡಿದರು. “ಕಲ ಓಯ್ತದ ಬುಡು, ತಡ್ದು.” ಮೊರ ಪಕ್ಕಕ್ಕಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, “ಯಾವತ್ ಯೇಳ್ದಿ ನಾನು ನಿಂಗ?”

ನಾನು ಎತ್ತಿದ ಅಂಗಿಯನ್ನು ಕೆಳಗಿಳಿಸಿದೆ.

“ನಂಗೇ ಅನ್ಮಾನ ಬಂದ್ಬುಟ್ಟದ ಕಣಪ್ಪ. ಓದಿ ಯೇಳುದ್ರಲ್ಲ, ಅದು ನನ್ ಮಾತ್ನಂಗೇ ಅದ. ನಾನ್ ಮಾತಾಡದು ಅಂಗೇಯ. ಜರ ಗಿರ ಬಂದಾಗ ಬಡಬಡಿಸ್ಬುಟ್ನಾ, ನಿದ್ದೇಲಿ ಅಂದ್ಬುಟ್ನಾ ಅಂತ ಯೋಚ್ನ ಮಾಡಿ ಮಾಡಿ ತಲ ಕೆಟ್ಟೋಗದ. ನಾ ಯೇಳಿರ್ಬೈದಾ?”

ನನ್ನ ಬರವಣಿಗೆಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಇನ್ನೆಂದೂ ಸಿಕ್ಕಿಲ್ಲ. ಇದನ್ನು ಬರೆಯುವಾಗ ಕೈ ನಾಚುತ್ತದೆ, ಆದರೂ ಬರೆಯಬೇಕು: ಆ ಕ್ಷಣದಲ್ಲೂ ನನ್ನೊಳಗೆ ಯಾವುದೋ ಒಂದು ಮೂಲೆ ಅದನ್ನು ಮೆಚ್ಚುಗೆ ಎಂದೇ ಕೇಳಿಸಿಕೊಂಡಿತು.

“ಇಲ್ಲಕ್ಕ. ನೀವು ಹೇಳಲಿಲ್ಲ. ನಾನೇ ಕಟ್ಟಿ ಬರೆದೆ.”

“ದಿಟವಾಗ್ಲೂ?”

“ಮಾದಪ್ಪನಾಣೆ.”

ಆಕೆ ಸೆರಗಿನಿಂದ ಮುಖ ಒತ್ತಿಕೊಂಡರು. “ಅಯ್ಯೋ ನಮ್ಮಪ್ಪನೇ. ಅಂಗಾರ ನಾ ಯೇಳ್ನಿಲ್ಲ. ಯೇಳ್ನಿಲ್ಲ ನಾನು.” ಆಮೇಲೆ ಸೆರಗು ಇಳಿಸಿ, “ಇಂತದ್ ಯಾಕ್ ಮಾಡ್ದೆ?” ಎಂದರು. ಉತ್ತರಕ್ಕೆ ಕಾಯಲಿಲ್ಲ. “ಓಗು, ನಮ್ ಭಾವುಂಗ ಇದ್ನೇ ಯೇಳು. ಇತ್ಲ ಕಡ ಅವ್ರ.”

ಎದ್ದೆ. ಎದ್ದವನು ಹೋಗಬೇಕಿತ್ತು. ಜಗಲಿಯ ಮೆಟ್ಟಿಲ ಮೇಲೆ ನಿಂತು ಕೇಳಿದೆ, “ಅಕ್ಕ, ನಾನು ಬರೆದ ಹೆಸರು... ಅದೇನಾ?”

ಆಕೆ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಈಗ ತಾನೇ ಎದುರಿಗಿದ್ದವನು ಎಲ್ಲಿ ಹೋದ ಎಂದು ಹುಡುಕುವವರ ಹಾಗೆ. ಆಮೇಲೆ ಮೊರ ತೆಗೆದುಕೊಂಡು ಕೇರತೊಡಗಿದರು.

ಹಿತ್ತಲಲ್ಲಿ ಭಾವ ಅರಿಸಿನ ಬೇಯಿಸುವ ಕೊಪ್ಪರಿಗೆಯ ಕೆಳಗೆ ಸೌದೆ ನೂಕುತ್ತಿದ್ದರು. ಹೊಗೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಈ ಸಲ ಏನೂ ಬಿಡಲಿಲ್ಲ. ಅವರು ಪೂರ್ತಿ ಕೇಳಿದರು.

“ಅಲ್ಲ ಸಾ, ಯೇಳ್ದ್ಲು ಅಂತ ಒಂದ್ಸಲ ಅಚ್ಚಾಕುದ್ರಿ. ಯೆಸ್ರು ತಪ್ಪಾಗದ ಅಂತ ಇನ್ನೊಂದ್ಸಲ ಅಚ್ಚಾಕುದ್ರಿ. ನಿಮ್ ಆಪೀಸ್ಗ ಬಂದ್ ಕೇಳ್ದಾಗ ಇಲ್ಲ ಅನ್ನಿಲ್ಲ. ಈಗ ಇಲ್ಲಿ ನಿಂತ್ಕಂಡು ಎಲ್ಲಾ ಸುಳ್ಳು ಅಂತೀರಿ. ಅವ್ಳು ಅತ್ಕಂಡ್ ಕಾಲ್ ಕಟ್ಕಂಡ್ಲಾ?”

“ಇಲ್ಲ. ನಾನೇ ಬಂದೆ.”

“ಓದ್ದೋರು, ಸರ್ಕಾರಿ ಕೆಲ್ಸದಲ್ಲಿರೋರು, ಸುಮ್ಸುಮ್ನ ಸುಳ್ ಬರೀತೀರಾ? ಅವ್ಳ ಉಳ್ಸಕ್ಕ ಈಗ ಸುಳ್ ಯೇಳ್ತಾ ಇದ್ದೀರಿ ಅಂತ್ಲೇ ನಾ ತಿಳ್ಕಳದು.” ಬೆಂಕಿ ಕೆದಕಿ ಎದ್ದು ನಿಂತರು. “ಒಂದ್ ಕೆಲ್ಸ ಮಾಡಿ. ಆವಮ್ಮ ಯೇಳೇ ಇಲ್ಲ, ನಾನೇ ಕಟ್ಟಿ ಬರ್ದಿ ಅಂತ ಅದೇ ಪೇಪರ್ನಲ್ಲಿ ಅಚ್ಚಾಕ್ಸಿ ತಗಂಬನ್ನಿ. ಬಂದ್ ದಿವ್ಸಾನೇ ಆ ಕಲ್ಲ ನಾನೇ ಮೊಗಚಿ ಆಕ್ತೀನಿ.”

ಅಷ್ಟೇ ಬೇಕಾಗಿದ್ದದ್ದು. ಎರಡು ಸಾಲು. ಸಂಪಾದಕರು ಹಾಕುತ್ತೇನೆ ಎಂದಿದ್ದರು.

ಬರೆದೆ. ಮೊದಲನೆಯದು ಬಹಳ ಒಣಕಲು ಅನಿಸಿತು. ಎರಡನೆಯದರಲ್ಲಿ ಕಾರಣ ಸೇರಿಸಿದೆ. ಮೂರನೆಯದರಲ್ಲಿ ಆ ಮಲಯಾಳಿ ದಂಪತಿ ಬಂದರು. ನಾಲ್ಕನೆಯದು ಒಂದು ಪುಟ ಆಯಿತು, ಬಹಳ ಚೆನ್ನಾಗಿತ್ತು, ಓದಿದವರು ನನ್ನ ಪ್ರಾಮಾಣಿಕತೆಯನ್ನು ಹೊಗಳುವಂತಿತ್ತು. ಅದನ್ನು ಹರಿದೆ. ತಪ್ಪೊಪ್ಪಿಗೆ ಚೆಂದವಾದರೆ ಅದೂ ಸುಳ್ಳು, ಅದಕ್ಕೇ ಕಳಿಸಲಿಲ್ಲ ಎಂದು ಹೇಳಿಕೊಂಡೆ. ಅದು ಒಳ್ಳೆಯ ವಾದ. ನಿಜವಾದ ಕಾರಣ ಅದಲ್ಲ. ಆ ಹೊತ್ತಿಗೆ ಅಂಕಣ ಶುರುವಾಗಿತ್ತು, ಬಸ್ಸಿನಲ್ಲಿ ಜನ ಗುರುತು ಹಿಡಿಯುತ್ತಿದ್ದರು, ಹೆಡ್‌ಕ್ಲಾರ್ಕ್ ತಮ್ಮ ಮಗಳಿಗೆ ಓದಿ ಹೇಳುತ್ತಿದ್ದರು. ನನಗೆ ಅದೆಲ್ಲ ಬೇಕಾಗಿತ್ತು. ಮುಂದಿನ ವಾರ ಕಳಿಸೋಣ ಎಂದು ಇಟ್ಟೆ. ಹಾಗೆ ಎಷ್ಟು ವಾರ ಇಟ್ಟೆನೋ, ಒಂದು ದಿನ ಅದನ್ನು ಇಟ್ಟಿದ್ದೇನೆ ಎಂಬುದೂ ಮರೆತಿತ್ತು.

ಆಮೇಲೆ ಆ ಅಂಕಣಗಳಲ್ಲಿ ಕಟ್ಟಿ ಬರೆಯಲಿಲ್ಲ. ಹೀಗೆ ಹೇಳಿದರೆ ಪಾಠ ಕಲಿತೆ ಎಂದಾಗುತ್ತದೆ. ಕಲಿತದ್ದೋ, ಸಿಕ್ಕಿಬೀಳುವ ಹೆದರಿಕೆಯೋ, ಬೇರೆ ಮಾಡಲಾರೆ. ಬರೆಯಲು ಹೊರಟ ಹುಡುಗ ಹುಡುಗಿಯರು ಈಗಲೂ ಬಂದು ಕೇಳುತ್ತಾರೆ, ನಿಜವನ್ನು ಚೆನ್ನಾಗಿ ಬರೆಯುವುದು ಹೇಗೆ ಎಂದು. ಗಿಡದ ಹೆಸರು ತಿಳಿದುಕೊಳ್ಳಿ, ಮಾತನ್ನು ಆಡಿದ ಹಾಗೇ ಬರೆಯಿರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ ಎಂದು ಹೇಳುತ್ತೇನೆ. ಇದನ್ನು ಯಾರಿಂದ ಕಲಿತಿರಿ ಎಂದು ಅವರು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.

ಭಾವ ಕೇಳಿದ ಆ ಎರಡು ಸಾಲು ಇಲ್ಲಿವೆ. ಆಕೆ ನನಗೆ ಸೊಪ್ಪಿನ ಹೆಸರು ಹೇಳಲಿಲ್ಲ. ನಾನೇ ಕಟ್ಟಿ ಬರೆದೆ. ಆ ಪತ್ರಿಕೆ ನಿಂತು ಎಷ್ಟೋ ವರ್ಷವಾಯಿತು, ಅದರಲ್ಲಿ ಅಚ್ಚು ಹಾಕಿಸಲು ಇನ್ನು ಆಗುವುದಿಲ್ಲ. ಇದು ಯಾರ ಕೈಗೆ ಸಿಕ್ಕರೂ ಆಕೆಯ ಕೈಗೆ ಸಿಗುವುದು ಅನುಮಾನ. ಆ ದಾರಿಯಲ್ಲಿ ಎರಡು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಇಳಿದಿಲ್ಲ.

ಆಕೆ ಮತ್ತೆ ಯಾರಿಗಾದರೂ ಔಷಧಿ ಹಚ್ಚಿದರೋ ಇಲ್ಲವೋ ಗೊತ್ತಿಲ್ಲ. ಇದ್ದಾರೋ ಇಲ್ಲವೋ ಗೊತ್ತಿಲ್ಲ. ಆ ಹೆಸರನ್ನು ಯಾರ ಕಿವಿಯಲ್ಲಾದರೂ ಹೇಳಿದರೋ, ಇಲ್ಲ ಹೇಳುವ ಮನಸ್ಸೇ ಹೋಯಿತೋ ಗೊತ್ತಿಲ್ಲ. ಆಕೆ ಕಲ್ಲು ಬೋರಲು ಹಾಕಿದ್ದು ಭಾವನ ಮಾತಿಗೋ, ಅಥವಾ ನಾನು ಕಣ್ಣು ಮುಚ್ಚಿ ಬರೆದ ಹೆಸರು ಹೇಗೋ ಸರಿಯಾಗಿಬಿಟ್ಟಿದ್ದು, ಔಷಧಿ ಕೈ ಬಿಟ್ಟಿತು ಎಂದು ತಾವೇ ನಂಬಿದ್ದಕ್ಕೋ, ಅದೂ ಗೊತ್ತಿಲ್ಲ. ಸರಿಯಾಗಿದ್ದಿರಲಿ ಎಂದು ಒಮ್ಮೊಮ್ಮೆ ಆಸೆಪಡುತ್ತೇನೆ, ತಪ್ಪಾಗಿದ್ದಿರಲಿ ಎಂದು ಹೆಚ್ಚು ಸಲ. ಆ ಸೊಪ್ಪು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.